ಏಕಾದಶಿ, ಸಂಕಷ್ಟಿ, ಗೋಕುಲಾಷ್ಟಮಿ ಎರಡೆರಡು ದಿನ ಬಂದರೆ ಪಂಚಾಂಗ ನೋಡಿ ನಿರ್ಧರಿಸುವುದು ಹೇಗೆ?

ಮಲ್ಲಿಗೆಹಂಬು

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಗೋಡೆ ಕ್ಯಾಲೆಂಡರ್, ಮಠದ ಪಂಚಾಂಗ, ಮೊಬೈಲ್ ಆ್ಯಪ್ ಮೂರೂ ಇವೆ. ಹಬ್ಬ, ಉಪವಾಸ ಬಂತೆಂದರೆ ಮೂರೂ ಒಂದೇ ಮಾತು ಹೇಳುವುದಿಲ್ಲ. "ನಿಮ್ಮ ಸಂಪ್ರದಾಯದಂತೆ ಮಾಡಿ" ಎಂಬ ಉತ್ತರ ಎಲ್ಲರಿಂದಲೂ ಸಿಗುತ್ತದೆ. ಅದು ಸರಿಯೇ, ಆದರೆ ಅದರ ಹಿಂದಿನ ಲೆಕ್ಕ ತಿಳಿಯಬೇಕು.

ಕೆಲವು ಏಕಾದಶಿಗೆ ಮಾತ್ರ ಎರಡು ದಿನ ಹಾಕಿ, ಮೊದಲನೆಯದು ಸ್ಮಾರ್ತ, ಎರಡನೆಯದು ವೈಷ್ಣವ ಎಂದು ಬರೆದಿರುತ್ತಾರೆ. ಇದು ಯಾವಾಗ ಬೇರೆಯಾಗುತ್ತದೆ? ಸಂಕಷ್ಟಿ ಎಂದು ಗುರುತು ಮಾಡಿದ ಚೌಕದಲ್ಲೇ ತದಿಗೆ ಎಂದು ಅಚ್ಚಾಗಿರುತ್ತದೆ, ಇದು ತಪ್ಪೇ? 2025ರಲ್ಲಿ ಗೋಕುಲಾಷ್ಟಮಿಗೆ ಆಗಸ್ಟ್ 15, ಆಗಸ್ಟ್ 16, ಸೆಪ್ಟೆಂಬರ್ 14 ಹೀಗೆ ಮೂರು ದಿನ ಬಂದದ್ದು ಹೇಗೆ? ಪಾರಣೆಗೆ (ಮರುದಿನ ಉಪವಾಸ ಮುಗಿಸುವ ಊಟಕ್ಕೆ) ಒಮ್ಮೆ "7:10ರ ಒಳಗೆ" ಎನ್ನುತ್ತಾರೆ, ಇನ್ನೊಮ್ಮೆ "9:54ರ ನಂತರ" ಎನ್ನುತ್ತಾರೆ, ಯಾಕೆ? ಕೊನೆಯದಾಗಿ, ಉಪವಾಸದ ದಿನ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ? ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಏನು ಮಾಡಬೇಕು?

ಪಂಚಾಂಗ ತೆರೆದಿಟ್ಟುಕೊಂಡು ನಾವೇ ಹಂತ ಹಂತವಾಗಿ ನೋಡುವಂಥ ಉತ್ತರ ಬೇಕಿತ್ತು. ತಿಳಿದವರು ದಯವಿಟ್ಟು ಬರೆಯಿರಿ.

ಘಟಿಪಾತ್ರೆ

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳೋಣ. ಸೂರ್ಯೋದಯಕ್ಕೆ ಯಾವ ತಿಥಿ ಇರುತ್ತದೋ ಆ ದಿನದ ಚೌಕದಲ್ಲಿ ಅದನ್ನೇ ಅಚ್ಚು ಹಾಕುತ್ತಾರೆ. ವ್ರತದ ದಿನವನ್ನು ಅದೊಂದನ್ನೇ ನೋಡಿ ಹಿಡಿಯುವುದಲ್ಲ. ಆ ವ್ರತದ ಮುಖ್ಯ ಕರ್ಮ ದಿನದ ಯಾವ ಹೊತ್ತಿನಲ್ಲಿ ನಡೆಯಬೇಕೋ ಆ ಹೊತ್ತಿನಲ್ಲಿ ತಿಥಿ ಇರಬೇಕು. ಇದಕ್ಕೆ ಕರ್ಮಕಾಲ ಎನ್ನುತ್ತಾರೆ. ನೀವು ಕೇಳಿದ ಮುಕ್ಕಾಲು ಪಾಲು ಗೊಂದಲ ಇಲ್ಲಿಂದಲೇ ಹುಟ್ಟುತ್ತದೆ.

ಸೂರ್ಯನಿಗಿಂತ ಚಂದ್ರ 12 ಡಿಗ್ರಿ ಮುಂದೆ ಸರಿಯುವಷ್ಟು ಕಾಲ ಒಂದು ತಿಥಿ. ಚಂದ್ರ ಒಂದೇ ವೇಗದಲ್ಲಿ ಹೋಗುವುದಿಲ್ಲವಾದ್ದರಿಂದ ತಿಥಿ ಸುಮಾರು 20 ಗಂಟೆಗೂ ಮುಗಿಯಬಹುದು, ಸುಮಾರು 26 ಮುಕ್ಕಾಲು ಗಂಟೆಯವರೆಗೂ ಎಳೆಯಬಹುದು. ಹಾಗಾಗಿ ಅದು ಶುರುವಾಗುವುದಕ್ಕೆ, ಮುಗಿಯುವುದಕ್ಕೆ ಹಗಲು ರಾತ್ರಿಯ ಕಟ್ಟು ಇಲ್ಲ. ಎರಡು ಸೂರ್ಯೋದಯ ಕಂಡರೆ ವೃದ್ಧಿ, ಒಂದನ್ನೂ ಕಾಣದಿದ್ದರೆ ಕ್ಷಯ.

ಈಗ ಕೆಲಸ. ನಿಮ್ಮ ಊರಿನ ಸೂರ್ಯೋದಯ, ಸೂರ್ಯಾಸ್ತ ಬರೆದುಕೊಳ್ಳಿ. ಹಗಲಿನ ಅವಧಿಯನ್ನು ಐದು ಪಾಲು ಮಾಡಿದರೆ ಕ್ರಮವಾಗಿ ಪ್ರಾತಃಕಾಲ, ಸಂಗವ, ಮಧ್ಯಾಹ್ನ, ಅಪರಾಹ್ಣ, ಸಾಯಾಹ್ನ. 6ರಿಂದ 6ರ ಹಗಲಾದರೆ ಪಾಲಿಗೆ 2 ಗಂಟೆ 24 ನಿಮಿಷ. ಸೂರ್ಯಾಸ್ತದ ನಂತರ ಅಷ್ಟೇ ಹೊತ್ತು ಪ್ರದೋಷ. ರಾತ್ರಿಯನ್ನು 15 ಪಾಲು ಮಾಡಿದರೆ ನಟ್ಟನಡುವಿನ ಎಂಟನೆಯದು ನಿಶೀಥ, ಅಂದರೆ ಅರ್ಧರಾತ್ರಿಯ ಆಚೆ ಈಚೆ ಸೇರಿ ಒಟ್ಟು ಸುಮಾರು 48 ನಿಮಿಷ. ಗಣೇಶ ಚತುರ್ಥಿ ಮತ್ತು ರಾಮನವಮಿಗೆ ಮಧ್ಯಾಹ್ನ ನೋಡಬೇಕು, ವಿಜಯದಶಮಿಗೆ ಮತ್ತು ವಾರ್ಷಿಕ ಶ್ರಾದ್ಧಕ್ಕೆ ಅಪರಾಹ್ಣ. ದೀಪಾವಳಿಯ ಲಕ್ಷ್ಮೀಪೂಜೆ, ನರಸಿಂಹ ಜಯಂತಿ, ತ್ರಯೋದಶಿಯ ಪ್ರದೋಷ ವ್ರತ ಇವಕ್ಕೆ ಪ್ರದೋಷ. ಶಿವರಾತ್ರಿ, ಕೃಷ್ಣಾಷ್ಟಮಿಗೆ ನಿಶೀಥ. ಸಂಕಷ್ಟಿಗೆ ಚಂದ್ರೋದಯ.

ನಿಮ್ಮ ತದಿಗೆಯ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಒಂದು ದಿನ ಸಂಜೆ 4ಕ್ಕೆ ಬಹುಳ ತದಿಗೆ ಮುಗಿದು ಚೌತಿ ಶುರುವಾಯಿತು, ರಾತ್ರಿ 9:05ಕ್ಕೆ ಚಂದ್ರ ಹುಟ್ಟಿದ, ಆಗ ಚೌತಿ ಇದೆ. ಮರುದಿನ ಮಧ್ಯಾಹ್ನ 2ಕ್ಕೇ ಚೌತಿ ಮುಗಿದರೆ ಆ ರಾತ್ರಿ ಚಂದ್ರ ಹುಟ್ಟುವಾಗ ಪಂಚಮಿ. ಆದ್ದರಿಂದ ತದಿಗೆ ಎಂದು ಅಚ್ಚಾದ ದಿನವೇ ಸಂಕಷ್ಟಿ, ಅಚ್ಚು ಸರಿಯಿದೆ. ಎರಡೂ ರಾತ್ರಿ ಚಂದ್ರೋದಯಕ್ಕೆ ಚೌತಿ ಸಿಕ್ಕರೆ ಮೊದಲ ದಿನ, ಎರಡೂ ರಾತ್ರಿ ಸಿಗದಿದ್ದರೆ ಎರಡನೆಯ ದಿನ. ಮಳೆಗಾಲದಲ್ಲಿ ಮೋಡ ಮುಚ್ಚಿದ್ದರೆ ಪಂಚಾಂಗದ ಚಂದ್ರೋದಯದ ಹೊತ್ತಿಗೇ ಅರ್ಘ್ಯ ಕೊಟ್ಟು ಊಟ ಮಾಡುವುದು ರೂಢಿ. ಆ ಹೊತ್ತು ನಿಮ್ಮ ಊರಿನದಾಗಿರಲಿ, ಬೆಂಗಳೂರಿಗೂ ಮಂಗಳೂರಿಗೂ ಸುಮಾರು 11 ನಿಮಿಷ ವ್ಯತ್ಯಾಸವಿದೆ. ರೇಖಾಂಶದ ಪ್ರತಿ ಡಿಗ್ರಿಗೆ 4 ನಿಮಿಷ.

ತಿಥಿ ಎರಡೂ ದಿನ ಕರ್ಮಕಾಲಕ್ಕೆ ಅರ್ಧಂಬರ್ಧ ತಾಗಿದಾಗ ಮಾತ್ರ ನಿಜವಾದ ಚರ್ಚೆ. 2023ರ ಗಣೇಶ ಚತುರ್ಥಿ ನೋಡಿ. ಚೌತಿ ಸೆಪ್ಟೆಂಬರ್ 18ರಂದು ಮಧ್ಯಾಹ್ನ 12:39ಕ್ಕೆ ಶುರುವಾಗಿ 19ರಂದು 1:43ಕ್ಕೆ ಮುಗಿಯಿತು. ಬೆಂಗಳೂರಿಗೆ ಆಗ ಮಧ್ಯಾಹ್ನದ ಪಾಲು ಹೆಚ್ಚುಕಡಿಮೆ 11:00ರಿಂದ 1:25. 18ರಂದು ಚೌತಿ ಸಿಕ್ಕಿದ್ದು ಕೊನೆಯ ಮುಕ್ಕಾಲು ಗಂಟೆ, 19ರಂದು ಇಡೀ ಪಾಲು. ಎರಡನೆಯ ದಿನ ಮಾತ್ರ ಮಧ್ಯಾಹ್ನಕ್ಕೆ ಚೌತಿ ಇದ್ದರೆ ಎರಡನೆಯದು, ಎರಡೂ ದಿನ ಎಷ್ಟೇ ತಾಗಿದರೂ ತದಿಗೆ ಕೂಡಿದ ಮೊದಲನೆಯದು ಎಂಬುದು ಒಂದು ಪಕ್ಷ. ಪೂರ್ತಿ ವ್ಯಾಪ್ತಿ ಇರುವ ದಿನ ಹಿಡಿಯಬೇಕು ಎಂಬುದು ಇನ್ನೊಂದು. ಕರ್ನಾಟಕದಲ್ಲಿ ಬಹುಪಾಲು ಮನೆಗಳಲ್ಲಿ 18ಕ್ಕೇ ಗೌರಿಯೂ ಗಣೇಶನೂ ಒಟ್ಟಿಗೆ ಕೂತರು. ಮಹಾರಾಷ್ಟ್ರದಲ್ಲಿ 19. ಎರಡರ ಹಿಂದೆಯೂ ನಿರ್ಣಯಗ್ರಂಥಗಳ ಆಧಾರ ಇತ್ತು, ಯಾರೂ ಲೆಕ್ಕ ತಪ್ಪಿರಲಿಲ್ಲ.

ರಾಮನವಮಿಯಲ್ಲಿ ಇದೇ ಪ್ರಸಂಗ ಬಂದರೆ ತೀರ್ಮಾನ ತಿರುಗುಮುರುಗು. ಎರಡೂ ದಿನ ಮಧ್ಯಾಹ್ನಕ್ಕೆ ನವಮಿ ಇದ್ದರೆ ಎರಡನೆಯ ದಿನ, ಯಾಕೆಂದರೆ ಅಲ್ಲಿ ಅಷ್ಟಮಿಯ ವೇಧ (ಹಿಂದಿನ ತಿಥಿಯ ಸೋಂಕು) ಬೇಡ. ಒಂದು ಹಬ್ಬದ ನಿಯಮವನ್ನು ಇನ್ನೊಂದಕ್ಕೆ ಹಚ್ಚಿದರೆ ಎಡವುವುದು ಖಂಡಿತ.

ಇನ್ನೊಂದು ಎಚ್ಚರಿಕೆ, ತುಂಬಾ ಜನ ಇಲ್ಲೇ ಜಾರುತ್ತಾರೆ. ಪಂಚಾಂಗದ ದಿನ ಸೂರ್ಯೋದಯದಿಂದ ಮುಂದಿನ ಸೂರ್ಯೋದಯದವರೆಗೆ. ಸೋಮವಾರದ ಸಾಲಿನಲ್ಲಿ "ಚೌತಿ ರಾ. 2:15" ಎಂದಿದ್ದರೆ ಅದು ಗಡಿಯಾರದ ಪ್ರಕಾರ ಮಂಗಳವಾರ ಬೆಳಗಿನ ಜಾವ 2:15. ಇದನ್ನು ಸೋಮವಾರ ನಸುಕಿನ 2:15 ಎಂದು ಓದಿದರೆ ಒಂದು ದಿನ ಪೂರ್ತಿ ಹಿಂದಕ್ಕೆ ಹೋಗುತ್ತೀರಿ. ಹಳೆಯ ಕ್ರಮದ ಪಂಚಾಂಗಗಳಲ್ಲಿ ಗಂಟೆಯ ಬದಲು ಘಟಿ, ವಿಘಟಿ ಇರುತ್ತದೆ, ಅದೂ ಸೂರ್ಯೋದಯದಿಂದ ಎಣಿಸಿದ್ದು. ಒಂದು ಘಟಿಗೆ 24 ನಿಮಿಷ, ಒಂದು ವಿಘಟಿಗೆ 24 ಸೆಕೆಂಡು, ಎರಡೂವರೆ ಘಟಿಗೆ ಒಂದು ಗಂಟೆ. 52 ಘಟಿ 30 ವಿಘಟಿ ಎಂದರೆ ಸೂರ್ಯೋದಯದಿಂದ 21 ಗಂಟೆ. 6:20ಕ್ಕೆ ಸೂರ್ಯೋದಯವಾದರೆ ಅದು ಮರುದಿನ ಬೆಳಗಿನ ಜಾವ 3:20.

ಏಕಾದಶಿಯ ವಿಷಯ ಆಚರಿಸುವವರೇ ಬರೆಯಲಿ ಎಂದು ಬಿಟ್ಟಿದ್ದೇನೆ.

ದಶಮೀವೇಧ

ಏಕಾದಶಿಗೆ ಬರೆಯುತ್ತೇನೆ. ಘಟಿಪಾತ್ರೆಯವರು ಹೇಳಿದ ಘಟಿ ಲೆಕ್ಕ ಇಲ್ಲಿ ತುಂಬ ಸಲೀಸು.

ಏಕಾದಶಿಯ ಪ್ರಶ್ನೆ ಒಂದೇ: ಹಿಂದಿನ ದಶಮಿ ಎಷ್ಟು ಹೊತ್ತಿಗೆ ಬಿಟ್ಟಿತು? ಸ್ಮಾರ್ತರು ಸೂರ್ಯೋದಯದ ಕ್ಷಣವನ್ನು ನೋಡುತ್ತಾರೆ, ಆಗ ದಶಮಿ ಮುಗಿದು ಏಕಾದಶಿ ಬಂದಿದ್ದರೆ ಅಂದೇ ಉಪವಾಸ. ವೈಷ್ಣವರು ಅರುಣೋದಯವನ್ನು ನೋಡುತ್ತಾರೆ. ಸೂರ್ಯೋದಯಕ್ಕೆ ಮುಂಚಿನ 4 ಘಟಿ, ಅಂದರೆ 96 ನಿಮಿಷ, ಅರುಣೋದಯ ಕಾಲ. ಆ ಹೊತ್ತಿನಲ್ಲಿ ದಶಮಿ ಸ್ವಲ್ಪ ಉಳಿದಿದ್ದರೂ ಆ ಏಕಾದಶಿ ವಿದ್ಧ. ಉಪವಾಸ ಮರುದಿನಕ್ಕೆ ಹೋಗುತ್ತದೆ, ಅಂದು ಸೂರ್ಯೋದಯಕ್ಕೆ ದ್ವಾದಶಿ ಎಂದು ಅಚ್ಚಾಗಿದ್ದರೂ ಸರಿ.

ಪಂಚಾಂಗದಲ್ಲಿ ದಶಮಿಯ ಸಾಲಿಗೆ ಬನ್ನಿ. ಘಟಿಯ ಅಂಕಿ 56ರ ಒಳಗಿದ್ದರೆ ಇಬ್ಬರಿಗೂ ಒಂದೇ ದಿನ. 56 ದಾಟಿ 60ರ ಒಳಗಿದ್ದರೆ ಸ್ಮಾರ್ತರಿಗೆ ಮೊದಲ ದಿನ, ವೈಷ್ಣವರಿಗೆ ಎರಡನೆಯದು. ಗಂಟೆಯಲ್ಲಿ ನೋಡುವುದಾದರೆ: ಸೂರ್ಯೋದಯ 6:20, ಅರುಣೋದಯ 4:44ಕ್ಕೆ ಶುರು. ದಶಮಿ ಬೆಳಗಿನ ಜಾವ 5:10ಕ್ಕೆ ಬಿಟ್ಟರೆ (57 ಘಟಿ 5 ವಿಘಟಿ) ಇಬ್ಬರಿಗೂ ಬೇರೆ ಬೇರೆ ದಿನ. 4:30ಕ್ಕೇ ಬಿಟ್ಟಿದ್ದರೆ ಎಲ್ಲರಿಗೂ ಅಂದೇ. ಅಂಕಿ ಅಂಚಿನಲ್ಲಿದ್ದಾಗ, ಅಂದರೆ 55-56ರ ಹತ್ತಿರ, ನಿಮ್ಮ ಮಠದ ಪಂಚಾಂಗ ಹೇಳಿದ್ದನ್ನೇ ಹಿಡಿಯಿರಿ. ವೇಧದ ಗಡಿಯನ್ನು ಇನ್ನೂ ಸ್ವಲ್ಪ ಹಿಂದಕ್ಕಿಟ್ಟು ನೋಡುವ ಸಂಪ್ರದಾಯಗಳೂ ಇವೆ. ಇನ್ನು ಏಕಾದಶಿಯೇ ಎರಡು ಸೂರ್ಯೋದಯಕ್ಕೆ ಇದ್ದರೆ ವೈಷ್ಣವರ ಉಪವಾಸ ಎರಡನೆಯ ದಿನ.

ಪಾರಣೆಯ ಎರಡು ಬಗೆಯ ಸಮಯಕ್ಕೆ ಕಾರಣ ಬೇರೆ ಬೇರೆ. ದ್ವಾದಶಿ ತಿಥಿಯ ಮೊದಲ ಕಾಲು ಭಾಗ ಹರಿವಾಸರ, ಆಗ ಪಾರಣೆ ಇಲ್ಲ. ದ್ವಾದಶಿ ಮುಗಿಯುವ ಮುನ್ನ ಪಾರಣೆ ಆಗಲೇಬೇಕು. ಈ ಎರಡು ಗಡಿಗಳ ನಡುವೆ, ಬೆಳಗ್ಗೆ, ಊಟ.

ದ್ವಾದಶಿ ಬೆಳಗಿನ ಜಾವ 3:30ಕ್ಕೆ ಶುರುವಾಗಿ ಮರುದಿನ 5:06ರವರೆಗೆ ಇದೆ ಎಂದುಕೊಳ್ಳಿ. ಒಟ್ಟು 25 ಗಂಟೆ 36 ನಿಮಿಷ, ಕಾಲು ಭಾಗ 6 ಗಂಟೆ 24 ನಿಮಿಷ. 3:30ಕ್ಕೆ ಸೇರಿಸಿದರೆ 9:54. ಅಲ್ಲಿಯವರೆಗೆ ಕಾಯಬೇಕು, ನಿಮ್ಮ ಆ್ಯಪ್ ಹೇಳಿದ್ದು ಇದೇ ಬಗೆಯದು. ಇನ್ನೊಂದು ತಿಂಗಳು ದ್ವಾದಶಿ ಏಕಾದಶಿಯ ದಿನ ಬೆಳಗ್ಗೆ 8:30ಕ್ಕೇ ಶುರುವಾಗಿ ಮರುದಿನ 7:10ಕ್ಕೆ ಮುಗಿಯಿತು. ಹರಿವಾಸರ ಹಿಂದಿನ ದಿನ ಮಧ್ಯಾಹ್ನ 2:10ಕ್ಕೇ ಕಳೆದಿದೆ. 6:15ಕ್ಕೆ ಸೂರ್ಯೋದಯವಾದರೆ ಕೈಯಲ್ಲಿ ಉಳಿದದ್ದು 55 ನಿಮಿಷ. ಇಂಥ ದಿನವೇ ಸಾಧನ ದ್ವಾದಶಿ ಎಂದು ಪಂಚಾಂಗದಲ್ಲಿ ದಪ್ಪಕ್ಷರದಲ್ಲಿ ಕಾಣುವುದು. ಸ್ನಾನ, ಸಂಧ್ಯೆ, ಪೂಜೆ, ಅಡುಗೆ ಎಲ್ಲ ಬೆಳಗಿನ ಜಾವದಲ್ಲೇ ಮುಗಿಯುವ ಹಾಗೆ ಹಿಂದಿನ ರಾತ್ರಿಯೇ ಹೊಂದಿಸಿಡಬೇಕು.

ಅಡುಗೆ ತಡವಾಗಿ ದ್ವಾದಶಿ ಜಾರುವ ಹಾಗಿದ್ದರೆ ತುಳಸಿ ಹಾಕಿದ ತೀರ್ಥ ಒಂದು ಗುಟುಕು ತೆಗೆದುಕೊಂಡರೂ ಪಾರಣೆ ಆದ ಹಾಗೆ. ಭಾಗವತದ ಅಂಬರೀಷ ದೂರ್ವಾಸರಿಗಾಗಿ ಕಾಯುತ್ತಾ ನೀರು ಕುಡಿದದ್ದು ಇದೇ ಇಕ್ಕಟ್ಟಿನಲ್ಲಿ. ಊಟವನ್ನು ನಿಧಾನವಾಗಿ ಆಮೇಲೆ ಮಾಡಬಹುದು.

ಪೂರ್ಣ ಕ್ರಮದಲ್ಲಿ ದಶಮಿ ರಾತ್ರಿ, ಏಕಾದಶಿಯ ಎರಡು ಹೊತ್ತು, ದ್ವಾದಶಿ ರಾತ್ರಿ ಹೀಗೆ ನಾಲ್ಕು ಊಟ ಬಿಡುತ್ತಾರೆ. ದಶಮಿ ರಾತ್ರಿ ಹೊಟ್ಟೆ ಬಿರಿಯ ತಿಂದು ಮರುದಿನ ಉಪವಾಸ ಮಾಡಿದರೆ ತಲೆನೋವು, ಹುಳಿತೇಗು ಬರುವುದು ಸಹಜ. ಹಿಂದಿನ ರಾತ್ರಿಯ ಊಟ ಬಿಡುವ ಪದ್ಧತಿ ದೇಹಕ್ಕೂ ಒಳ್ಳೆಯದು ಎಂದೇ ನನ್ನ ಅಭಿಪ್ರಾಯ.

ಕರಾವಳಿಗ

ಅಷ್ಟಮಿ ಮೂರು ದಿನ ಬಂದದ್ದಕ್ಕೆ ಉತ್ತರ.

2025ರಲ್ಲಿ ಶ್ರಾವಣ ಬಹುಳ ಅಷ್ಟಮಿ ಆಗಸ್ಟ್ 15ರ ರಾತ್ರಿ ಹನ್ನೆರಡಕ್ಕೆ ಸ್ವಲ್ಪ ಮುಂಚೆ ಶುರುವಾಗಿ 16ರ ರಾತ್ರಿ ಹತ್ತರೊಳಗೆ ಮುಗಿಯಿತು. ನಿಶೀಥದಲ್ಲಿ ಅಷ್ಟಮಿ ಬೇಕು ಎನ್ನುವವರಿಗೆ 15ರ ರಾತ್ರಿ ಮಾತ್ರ ಸಿಕ್ಕಿತು. ಸಪ್ತಮಿಯ ವೇಧ ಬೇಡ, ಸೂರ್ಯೋದಯದ ಅಷ್ಟಮಿ ಬೇಕು ಎನ್ನುವವರಿಗೆ 16. ಇಬ್ಬರದೂ ಚಾಂದ್ರಮಾನ ಶ್ರಾವಣವೇ.

ಉಡುಪಿಯ ಲೆಕ್ಕ ಬೇರೆ. ಅಲ್ಲಿ ಸೌರಮಾನ: ಸೂರ್ಯ ಸಿಂಹರಾಶಿಯಲ್ಲಿರುವಾಗ ಬರುವ ಬಹುಳ ಅಷ್ಟಮಿ, ಜೊತೆಗೆ ರೋಹಿಣಿ ನಕ್ಷತ್ರ. ಆಗಸ್ಟ್ 16ಕ್ಕೆ ಸೂರ್ಯ ಇನ್ನೂ ಕರ್ಕಾಟಕದಲ್ಲಿದ್ದ, ಸಿಂಹ ಸಂಕ್ರಮಣ ಆದದ್ದು 17ಕ್ಕೆ. ಒಂದೇ ದಿನದ ಅಂತರದಲ್ಲಿ ಆ ಅಷ್ಟಮಿ ತಪ್ಪಿತು. ಮುಂದಿನ ಬಹುಳ ಅಷ್ಟಮಿ ಸೆಪ್ಟೆಂಬರ್ 14, ಸೂರ್ಯ ಕನ್ಯಾರಾಶಿಗೆ ಹೋಗುವ ಮೊದಲು. ಹಾಗಾಗಿ ಉಡುಪಿಯ ಅಷ್ಟಮಿ 14ಕ್ಕೆ, ಮರುದಿನದ ಮೊಸರುಕುಡಿಕೆ ಉತ್ಸವವಾದ ವಿಟ್ಲಪಿಂಡಿ 15ಕ್ಕೆ. ಅಧಿಕಮಾಸ ಬಂದು ಹೋದ 2023ರಲ್ಲಿ ಚಾಂದ್ರಮಾನದ ಅಷ್ಟಮಿಯೇ ಸೆಪ್ಟೆಂಬರ್ ಮೊದಲ ವಾರಕ್ಕೆ ಬಂದಿತ್ತು. ಆಗ ಸೂರ್ಯನೂ ಸಿಂಹದಲ್ಲೇ ಇದ್ದದ್ದರಿಂದ ಎರಡೂ ಕೂಡಿದವು. ಆಗಸ್ಟ್ 17ರ ನಂತರ ಅಷ್ಟಮಿ ಬಂದರೆ ಕೂಡುತ್ತದೆ, ಮೊದಲೇ ಬಂದರೆ ಸುಮಾರು ಒಂದು ತಿಂಗಳು ಬೇರೆಯಾಗುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು.

ಉತ್ತರ ಭಾರತದ ಆ್ಯಪ್ ಬಳಸುವವರಿಗೆ ಒಂದು ಮಾತು. ನಮ್ಮಲ್ಲಿ ಮಾಸ ಅಮಾವಾಸ್ಯೆಗೆ ಮುಗಿಯುತ್ತದೆ, ಅಲ್ಲಿ ಹುಣ್ಣಿಮೆಗೆ. ಶುಕ್ಲಪಕ್ಷದಲ್ಲಿ ಮಾಸದ ಹೆಸರು ಇಬ್ಬರಿಗೂ ಒಂದೇ, ಬಹುಳದಲ್ಲಿ ಅವರದು ಒಂದು ತಿಂಗಳು ಮುಂದೆ. ನಮ್ಮ ಶ್ರಾವಣ ಬಹುಳ ಅಷ್ಟಮಿ ಅವರಿಗೆ ಭಾದ್ರಪದದ್ದು, ನಮ್ಮ ಮಾಘದ ಶಿವರಾತ್ರಿ ಅವರ ಫಾಲ್ಗುಣದ್ದು. ದಿನ ಒಂದೇ. ಶ್ರಾದ್ಧದ ತಿಥಿಯನ್ನು ಇಂಥ ಆ್ಯಪ್‌ನಲ್ಲಿ ಹುಡುಕಿದರೆ ಒಂದು ತಿಂಗಳು ತಪ್ಪುವ ಅಪಾಯ ಇದೆ. ಸೆಟ್ಟಿಂಗ್‌ನಲ್ಲಿ ಅಮಾಂತ ಎಂದು ಬದಲಿಸಿಕೊಂಡೇ ನೋಡಿ.

ಅಡುಗೆಕೋಣೆ

ತಿನ್ನುವ ವಿಷಯಕ್ಕೆ ಬರುತ್ತೇನೆ. ಸಂಕಷ್ಟಿಗೆ ಹಗಲಿಡೀ ಉಪವಾಸವಿದ್ದು ಚಂದ್ರೋದಯದ ಮೇಲೆ ಊಟ, ಅಲ್ಲಿ ಅನ್ನಕ್ಕೆ ಅಡ್ಡಿಯಿಲ್ಲ. ಏಕಾದಶಿಯ ಕಟ್ಟು ಬೇರೆ: ಧಾನ್ಯ, ಬೇಳೆ ಎರಡೂ ವರ್ಜ್ಯ.

ನಿರಾಹಾರ ಆಗದವರು ಹಣ್ಣು, ಹಾಲು, ಗೆಡ್ಡೆಗೆಣಸು ತೆಗೆದುಕೊಳ್ಳಬಹುದು. ಆದರೆ ಫಲಾಹಾರದ ಹೆಸರಿನಲ್ಲಿ ಒಳಗೆ ಬರುವ ಧಾನ್ಯಗಳನ್ನು ಗಮನಿಸಿ. ಅವಲಕ್ಕಿ, ಮಂಡಕ್ಕಿ ಅಕ್ಕಿಯೇ. ರವೆ, ಶ್ಯಾವಿಗೆ ಗೋಧಿ. ಎಷ್ಟೋ ಮನೆಗಳಲ್ಲಿ ಅವಲಕ್ಕಿ, ಉಪ್ಪಿಟ್ಟು ನಡೆಯುತ್ತದೆ, ಅದು ಆ ಮನೆಯ ಪದ್ಧತಿ. ಧಾನ್ಯ ಬಿಡಬೇಕು ಎಂದು ಸಂಕಲ್ಪ ಮಾಡಿದವರಿಗೆ ಮಾತ್ರ ಅವು ಆಗುವುದಿಲ್ಲ. ಒಗ್ಗರಣೆಗೆ ಕೈತಪ್ಪಿ ಬೀಳುವ ಉದ್ದಿನಬೇಳೆ, ಕಡಲೆಬೇಳೆಯೂ ಬೇಳೆಯೇ. ಯಾರೂ ಅಷ್ಟಾಗಿ ಗಮನಿಸದ ವಸ್ತು ಹಿಂಗು: ಅಂಗಡಿಯ ಡಬ್ಬಿಯ ಹಿಂಗಿಗೆ ಸಾಮಾನ್ಯವಾಗಿ ಮೈದಾ ಅಥವಾ ಅಕ್ಕಿಹಿಟ್ಟು ಬೆರೆಸಿರುತ್ತಾರೆ, ಡಬ್ಬಿಯ ಹಿಂದೆ ಓದಿದರೆ ತಿಳಿಯುತ್ತದೆ. ಅಂದು ಜೀರಿಗೆ, ಹಸಿಮೆಣಸು, ಶುಂಠಿ ಸಾಕು.

ಸಬ್ಬಕ್ಕಿ ಮರಗೆಣಸಿನ ಪಿಷ್ಟದಿಂದ ಮಾಡಿದ್ದು, ಧಾನ್ಯವಲ್ಲ. ಅದರ ಉಪ್ಪಿಟ್ಟು ಅಂಟುಮುದ್ದೆ ಆಗುವುದಕ್ಕೆ ಕಾರಣ ಎರಡು, ಮೇಲಿನ ಹಿಟ್ಟು ಪೂರ್ತಿ ತೊಳೆಯದಿರುವುದು ಮತ್ತು ನೀರು ಹೆಚ್ಚಾಗುವುದು. ನೀರು ತಿಳಿಯಾಗುವವರೆಗೆ ತೊಳೆದು ಬಸಿದು, ಒಂದು ಲೋಟ ಸಬ್ಬಕ್ಕಿಗೆ ಮುಕ್ಕಾಲು ಲೋಟ ನೀರು ಹಾಕಿ ನಾಲ್ಕೈದು ಗಂಟೆ ಮುಚ್ಚಿಡಿ. ಬೆರಳಲ್ಲಿ ಒತ್ತಿದರೆ ನಡುವೆ ಗಟ್ಟಿ ಕಾಳು ಸಿಗಬಾರದು. ಕಡಲೆಕಾಯಿ ಪುಡಿ ಕೆಲವರಿಗೆ ನಡೆಯುತ್ತದೆ, ಕೆಲವರು ಅದನ್ನೂ ಕಾಳಿನ ಜೊತೆಗೆ ಸೇರಿಸಿ ಬಿಡುತ್ತಾರೆ.

ದ್ವಾದಶಿಗೆ ಅಗಸೆ ಸೊಪ್ಪು, ನೆಲ್ಲಿಕಾಯಿ ರೂಢಿಯಲ್ಲಿವೆ. ತೀರ್ಥ, ಆಮೇಲೆ ಮೆತ್ತನೆಯ ಅನ್ನ, ಖಾರ ಕಡಿಮೆಯ ಪಲ್ಯ. ಖಾಲಿ ಹೊಟ್ಟೆಗೆ ಮೊದಲೇ ಹುಳಿ, ಕರಿದದ್ದು ಬಡಿಸಬೇಡಿ.

ಹಿರಿಯರ ವಿಷಯ ಮುಖ್ಯ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ತಾವೇ ಮಾತ್ರೆ ನಿಲ್ಲಿಸಿದರೆ ಇನ್ನೊಂದು ತೊಂದರೆ. ಡೋಸ್ ಹೇಗೆ ಬದಲಿಸಬೇಕೆಂದು ಡಾಕ್ಟರನ್ನು ಮೊದಲೇ ಕೇಳಬೇಕು. ಬೆವರು, ನಡುಕ, ಮಂಕು ಕಂಡರೆ, ಅಥವಾ ಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ತಕ್ಷಣ ಸಕ್ಕರೆ ನೀರು ಕೊಡಿ. ಅಂದಿನ ಉಪವಾಸ ಅಲ್ಲಿಗೆ ಮುಗಿಯಿತು. ಶಾಸ್ತ್ರವೂ ಇವರ ಪರವಾಗಿಯೇ ಇದೆ: ಉಪವಾಸದ ವಿಧಿ ಎಂಟು ದಾಟಿದವರಿಗೆ, ಎಂಬತ್ತು ತುಂಬದವರಿಗೆ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಇಚ್ಛೆ, ಗುರುವಿನ ಮಾತು, ಔಷಧ ಈ ಎಂಟರಿಂದ ವ್ರತಭಂಗವಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಮಾತ್ರೆ ನುಂಗಲು ನೀರು ಕುಡಿದರೆ ವ್ರತ ಹೋಯಿತು ಎಂದು ಹಿರಿಯರು ಹೆದರಿದರೆ ಇದನ್ನು ಓದಿ ಹೇಳಿ.

ಮಲ್ಲಿಗೆಹಂಬು

ಎಲ್ಲರಿಗೂ ತುಂಬು ಧನ್ಯವಾದ. ದಶಮಿಯ 56 ಘಟಿ, ಹರಿವಾಸರ ಎರಡೂ ಈಗ ಸ್ಪಷ್ಟ. ಇನ್ನು ಮೂರು ಸಣ್ಣ ಅನುಮಾನ. ಮಠದ ಪಂಚಾಂಗದಲ್ಲೂ ಆ್ಯಪ್‌ನಲ್ಲೂ ತಿಥಿ ಮುಗಿಯುವ ಸಮಯವೇ ಬೇರೆ ಇರುತ್ತದಲ್ಲ, ಕೆಲವೊಮ್ಮೆ ಗಂಟೆಗಳ ವ್ಯತ್ಯಾಸ, ಅದು ಯಾಕೆ? ಅಕ್ಕ ನ್ಯೂಜೆರ್ಸಿಯಲ್ಲಿದ್ದಾರೆ, ಅವರು ಇಲ್ಲಿಯ ದಿನಾಂಕಕ್ಕೇ ಏಕಾದಶಿ ಮಾಡಬೇಕೇ? 2026ರಲ್ಲಿ ಅಧಿಕಮಾಸ ಎನ್ನುತ್ತಾರೆ, ಅದರಿಂದ ಹಬ್ಬಗಳು ಎಷ್ಟು ಸರಿಯುತ್ತವೆ?

ಘಟಿಪಾತ್ರೆ

ಸಮಯದ ವ್ಯತ್ಯಾಸಕ್ಕೆ ಕಾರಣ ಗಣಿತದ ಕ್ರಮ. ಸೂರ್ಯಸಿದ್ಧಾಂತದ ಕ್ರಮದಲ್ಲಿ ತಿಥಿ 54ರಿಂದ 65 ಘಟಿಯೊಳಗೆ ಇರುತ್ತದೆ, ಬಾಣವೃದ್ಧಿ ರಸಕ್ಷಯ (60 ಘಟಿಗೆ ಐದು ಹೆಚ್ಚು, ಆರು ಕಡಿಮೆ) ಎನ್ನುವುದು ಇದನ್ನೇ. ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ಹೊಂದಿಸಿದ ದೃಗ್ಗಣಿತದಲ್ಲಿ ಚಂದ್ರನ ಚಲನೆಗೆ ಇನ್ನೂ ಹಲವು ಸಂಸ್ಕಾರಗಳಿವೆ, ಅಲ್ಲಿ ಸುಮಾರು 50ರಿಂದ 67 ಘಟಿ. ಹುಣ್ಣಿಮೆ, ಅಮಾವಾಸ್ಯೆಯ ಹತ್ತಿರ ಎರಡೂ ಹೆಚ್ಚುಕಡಿಮೆ ಕೂಡುತ್ತವೆ. ಅಷ್ಟಮಿಯ ಆಸುಪಾಸಿನಲ್ಲಿ ಐದು ಗಂಟೆಯವರೆಗೂ ದೂರ ಹೋಗಬಹುದು. ಏಕಾದಶಿಯೂ ಆ ದೂರದ ವಲಯದಲ್ಲೇ ಬರುವುದರಿಂದ ಜಗಳ ಹೆಚ್ಚಾಗಿ ಅದರ ಸುತ್ತಲೇ. ಆದ್ದರಿಂದ ಒಂದು ಪಂಚಾಂಗದ ತಿಥಿ ಸಮಯ, ಇನ್ನೊಂದರ ನಿರ್ಣಯ ಹೀಗೆ ಬೆರೆಸಬೇಡಿ. ಒಂದನ್ನು ಹಿಡಿದರೆ ವರ್ಷ ಪೂರ್ತಿ ಅದೇ.

ಆ್ಯಪ್‌ನಲ್ಲಿ ಅಯನಾಂಶದ (ರಾಶಿಚಕ್ರ ಎಲ್ಲಿಂದ ಶುರು ಎಂಬ ಲೆಕ್ಕದ) ಆಯ್ಕೆ ಕಂಡು ಗಾಬರಿಯಾಗುವುದು ಬೇಡ. ತಿಥಿ ಸೂರ್ಯ ಚಂದ್ರರ ನಡುವಿನ ಅಂತರವಾದ್ದರಿಂದ ಅಯನಾಂಶ ಬದಲಿಸಿದರೂ ಅದು ಬದಲಾಗುವುದಿಲ್ಲ. ನಕ್ಷತ್ರ ಮತ್ತು ಸಂಕ್ರಮಣ ಮಾತ್ರ ಬದಲಾಗುತ್ತವೆ. ಕರಾವಳಿಯವರು ಸಿಂಹ ಸಂಕ್ರಮಣ, ರೋಹಿಣಿ ನೋಡುವಾಗ ಇದನ್ನು ಗಮನಿಸಬೇಕು.

ಅಮಾವಾಸ್ಯೆಯ ಸಮಯ ಕೂಡಿದರೂ ದಿನ ಬೇರೆಯಾಗಬಹುದು, 2024ರ ದೀಪಾವಳಿ ಅದಕ್ಕೆ ಸಾಕ್ಷಿ. ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ ನಾಲ್ಕರ ಸುಮಾರಿಗೆ ಶುರುವಾಗಿ ನವೆಂಬರ್ 1ರ ಸಂಜೆ 6:16ಕ್ಕೆ ಮುಗಿಯಿತು. 31ರ ಪ್ರದೋಷ ಪೂರ್ತಿ ಅಮಾವಾಸ್ಯೆಯೇ. ನವೆಂಬರ್ 1ಕ್ಕೆ ಸೂರ್ಯಾಸ್ತದ ಮೇಲೆ ಒಂದು ಘಟಿಯಾದರೂ ಉಳಿದರೆ ಎರಡನೆಯ ದಿನ ಎಂಬ ನಿಯಮವಿದೆ. ಬೆಂಗಳೂರಿನಲ್ಲಿ ಸೂರ್ಯಾಸ್ತ ಆರಕ್ಕೆ ಆರೇಳು ನಿಮಿಷ ಮುಂಚೆ, ಅಂದರೆ ಉಳಿದದ್ದು ಒಂದು ಘಟಿಯ ಅಂಚಿನಲ್ಲಿ. ಬೇಗ ಕತ್ತಲಾಗುವ ಊರುಗಳಲ್ಲಿ ಆರಾಮಾಗಿ ಒಂದು ಘಟಿ ದಾಟಿತು. ಇಡೀ ದೇಶ ಎರಡು ದಿನ ದೀಪ ಹಚ್ಚಿದ್ದು ಇದಕ್ಕೇ.

ಅಕ್ಕನವರ ವಿಷಯ. ತಿಥಿ ಶುರುವಾಗುವ ಕ್ಷಣ ಜಗತ್ತಿಗೆಲ್ಲ ಒಂದೇ, ಸೂರ್ಯೋದಯ ಮಾತ್ರ ಅವರವರ ಊರಿನದು. ಇಲ್ಲಿಯ ದಿನಾಂಕವನ್ನು ಹಾಗೇ ಎತ್ತಿಕೊಳ್ಳಬಾರದು, ಸಮಯವನ್ನು ಅಲ್ಲಿಯ ಗಡಿಯಾರಕ್ಕೆ ತಿರುಗಿಸಿಕೊಳ್ಳಬೇಕು. ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಕಳೆಯಿರಿ, ಚಳಿಗಾಲದಲ್ಲಿ ಹತ್ತೂವರೆ. ಬೇಸಿಗೆಯ ಒಂದು ಉದಾಹರಣೆ: ಇಲ್ಲಿ 10ನೇ ತಾರೀಖು ಬೆಳಗ್ಗೆ 10ಕ್ಕೆ ಏಕಾದಶಿ ಶುರು, 11ರ ಬೆಳಗ್ಗೆ 9ಕ್ಕೆ ಮುಗಿಯಿತು. ನಮಗೆ ಉಪವಾಸ 11ಕ್ಕೆ. ನ್ಯೂಜೆರ್ಸಿಯಲ್ಲಿ ಅದೇ ಏಕಾದಶಿ 10ರ ಮಧ್ಯರಾತ್ರಿ ಕಳೆದು 12:30ಕ್ಕೆ ಶುರು, 10ರ ರಾತ್ರಿ 11:30ಕ್ಕೆ ಮುಗಿಯುತ್ತದೆ. ಅಲ್ಲಿಯ ಅರುಣೋದಯಕ್ಕೂ ದಶಮಿ ಇಲ್ಲ, ಹಾಗಾಗಿ ಎರಡೂ ಸಂಪ್ರದಾಯಕ್ಕೆ ಉಪವಾಸ 10ಕ್ಕೇ. ದ್ವಾದಶಿ 23 ಗಂಟೆ ಇದ್ದರೆ ಹರಿವಾಸರ 11ರ ಬೆಳಗಿನ ಜಾವ 5:15ಕ್ಕೆ ಕಳೆಯುತ್ತದೆ, ಸೂರ್ಯೋದಯದ ಮೇಲೆ ಪಾರಣೆ ಮಾಡಬಹುದು. ಆ್ಯಪ್‌ನಲ್ಲಿ ಊರು ಬದಲಿಸಿದರೆ ಇದೇ ಉತ್ತರ ಬರಬೇಕು. ಊರಿನ ಹೆಸರು ಇನ್ನೂ ಬೆಂಗಳೂರು ಎಂದೇ ಉಳಿದುಬಿಡುವುದು ಅಲ್ಲಿರುವವರಲ್ಲಿ ಸಾಮಾನ್ಯ ತಪ್ಪು.

ಅಧಿಕಮಾಸ: ಎರಡು ಅಮಾವಾಸ್ಯೆಗಳ ನಡುವೆ ಸಂಕ್ರಮಣವೇ ಇಲ್ಲದಿದ್ದರೆ ಆ ಮಾಸ ಅಧಿಕ. ಸರಾಸರಿ 32-33 ತಿಂಗಳಿಗೊಮ್ಮೆ ಬರುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15. ಹಬ್ಬಗಳು ಮಾಮೂಲಿ ವರ್ಷದಲ್ಲಿ ಹಿಂದಿನ ವರ್ಷಕ್ಕಿಂತ 11 ದಿನದಷ್ಟು ಬೇಗ ಬರುತ್ತವೆ, ಅಧಿಕಮಾಸದ ನಂತರದವು 18-19 ದಿನ ತಡ. ಗಣೇಶ ಚತುರ್ಥಿ 2025ರಲ್ಲಿ ಆಗಸ್ಟ್ 27, 2026ರಲ್ಲಿ ಸೆಪ್ಟೆಂಬರ್ 14. ಅಧಿಕಮಾಸದಲ್ಲಿ ವಾರ್ಷಿಕ ಹಬ್ಬಗಳಿಲ್ಲ, ಅವು ನಿಜ ಜ್ಯೇಷ್ಠದಲ್ಲಿ. ಏಕಾದಶಿ, ಸಂಕಷ್ಟಿ ಮಾತ್ರ ಬಿಡುವಂತಿಲ್ಲ, ಅವು ಎಂದಿನಂತೆ ನಡೆಯುತ್ತವೆ.

ದಶಮೀವೇಧ

ಒಂದು ಸೇರ್ಪಡೆ. ಅಧಿಕಮಾಸ ಚಾತುರ್ಮಾಸ್ಯದ ನಡುವೆ ಬಿದ್ದರೆ ವ್ರತ ಐದು ತಿಂಗಳಾಗುತ್ತದೆ, 2020ರ ಅಧಿಕ ಆಶ್ವಯುಜ, 2023ರ ಅಧಿಕ ಶ್ರಾವಣದಲ್ಲಿ ಹಾಗಾಯಿತು. 2026ರದ್ದು ಆಷಾಢಕ್ಕೆ ಮೊದಲೇ ಮುಗಿಯುವುದರಿಂದ ನಾಲ್ಕೇ ತಿಂಗಳು: ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತ, ಅಂದರೆ ಕ್ರಮವಾಗಿ ತರಕಾರಿ, ಮೊಸರು, ಹಾಲು, ಬೇಳೆ ಬಿಡುವುದು, ಒಂದೊಂದು ತಿಂಗಳಿನಂತೆ. ಮೊದಲ ತಿಂಗಳು ತರಕಾರಿ ಬಿಡುವುದರಿಂದ ಬೇಳೆ, ಮೊಸರಿನ ಅಡುಗೆಗೆ ಮುಂಚೆಯೇ ಸಾಮಾನು ತಂದಿಟ್ಟುಕೊಳ್ಳಿ. ಕೊನೆಯ ತಿಂಗಳು ಬೇಳೆಯೇ ಇಲ್ಲ, ಅಲ್ಲಿಯವರೆಗೆ ಮುಗಿಯುವಷ್ಟೇ ಬೇಳೆ ಇರಲಿ.